ನಮ್ಮ ಉಸಿರು ಅವರಿಗೇಕೆ ಬೇಕು

ನಿವೃತ್ತಿಯಾದ ಮೇಲೆ ನಾನು ಹಿಡಿದ ಕೆಲಸವೆಂದರೆ ಹೆಂಗಸರಿಗೆ ಜೋರಾಗಿ ಊದಲು ಹೇಳಿಕೊಡುವುದು. ಇದನ್ನು ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಏನು ಹಾಗೆಂದರೆ ಎಂದು ಕೇಳುತ್ತಾರೆ.

ಅದಕ್ಕೂ ಮೊದಲು ನಾನು ಸರಕಾರಿ ಶಾಲೆಗಳಲ್ಲಿ ಕನ್ನಡ ಕಲಿಸುತ್ತಿದ್ದೆ. ಸೇವೆಯ ಬಹುಪಾಲು ಖಾನಾಪುರ ತಾಲೂಕಿನಲ್ಲೇ ಕಳೆಯಿತು. ಮನೆಯಲ್ಲಿ ನಮ್ಮದು ದಖನಿ ಉರ್ದು, ಸುತ್ತಲಿನವರ ಜೊತೆ ಮರಾಠಿ, ತರಗತಿಯಲ್ಲಿ ಕನ್ನಡ. ಸಿಟ್ಟು ಬಂದಾಗ ಮಾತ್ರ ಮೂರೂ ಒಟ್ಟಿಗೆ ಬರುತ್ತಿದ್ದವು. ನನ್ನ ಯಜಮಾನರು ತೀರಿಕೊಂಡ ಮೇಲೆ ನಾನು ಬೆಳಗಾವಿಯ ಶಹಾಪುರದ ತವರಿನ ಓಣಿಗೇ ಮರಳಿ, ತಮ್ಮನ ಮನೆಯ ಎದುರಿಗೆ ಎರಡು ಕೋಣೆ ಹಿಡಿದು ಇದ್ದೆ. ಇಡೀ ದಿನ ಮಗ್ಗಗಳ ಸದ್ದು. ಒಂದು ದಿನ ಕರೆಂಟು ಹೋಗಿ ಅದು ನಿಂತರೆ ನಮಗೆಲ್ಲ ಏನೋ ಕಳೆದುಕೊಂಡಂತಾಗುತ್ತಿತ್ತು.

ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ನನ್ನ ಹಳೆಯ ವಿದ್ಯಾರ್ಥಿನಿ ಒಂದು ಸಂಜೆ ಒಬ್ಬ ಯುವ ಮಹಿಳಾ ಡಾಕ್ಟರನ್ನು ಮನೆಗೆ ಕರೆತಂದಳು. ಡಾಕ್ಟರು ದಾವಣಗೆರೆ ಕಡೆಯವರು, ಇನ್ನೂ ಮದುವೆಯಾಗಿರಲಿಲ್ಲ, ಮರಾಠಿ ಒಂದಕ್ಷರ ಬಾರದು. ಹೊಗೆ ಮತ್ತು ಧೂಳಿನಲ್ಲಿ ದುಡಿಯುವ ಹೆಂಗಸರ ಎದೆಯ ಮೇಲೆ ಏನು ಪರಿಣಾಮವಾಗುತ್ತದೆ ಎಂಬ ಅಧ್ಯಯನ ಅವರದು. ಖಾನಾಪುರದ ಇಟ್ಟಂಗಿ ಭಟ್ಟಿಗಳಲ್ಲಿ ದುಡಿಯುವವರು, ಆಮೇಲೆ ನಮ್ಮ ಶಹಾಪುರದಲ್ಲಿ ಮಗ್ಗಕ್ಕೆ ಕಂಡಿಕೆ, ಅಂದರೆ ನೂಲಿನ ಉರುಳೆ ಸುತ್ತುವವರು, ಈ ಎರಡೂ ಗುಂಪಿನವರನ್ನು ಪರೀಕ್ಷಿಸಬೇಕು.

"ಮೇಡಂ, ಇಂಥ ಅಧ್ಯಯನಕ್ಕೆ ಯಾವಾಗಲೂ ಬರೋರು ಆಸ್ಪತ್ರೆಗೆ ಹೇಗೂ ಬರೋ ಜನಾನೇ" ಎಂದರು ಡಾಕ್ಟರು. "ಟಿಳಕವಾಡಿ, ಹಿಂದವಾಡಿ ಕಡೆಯವರು. ನೌಕರಿ ಇರೋರು. ನನಗೆ ಬೇಕಾದವರು ಒಬ್ಬರೂ ಬರಲ್ಲ. ನೀವು ನನ್ನ ಜೊತೆ ಬರ್ತೀರಾ? ಬರೀ ಮಾತಾಡೋಕೆ."

ಮಾತಾಡುವುದು ನನಗೆ ಬೇಕಾದ ಕೆಲಸವೇ. ಹ್ಞೂಂ ಅಂದುಬಿಟ್ಟೆ.

ಮೊದಲ ಶಿಬಿರ ಖಾನಾಪುರದ ಒಂದು ಸಮುದಾಯ ಭವನದಲ್ಲಿತ್ತು. ಬ್ಯಾನರು ಕಟ್ಟಿ, ಕುರ್ಚಿ ಹಾಕಿ, ಊದಿಸಿ ಉಸಿರು ಅಳೆಯುವ ಯಂತ್ರ ಹೊಂದಿಸಿಕೊಂಡು ಕುಳಿತೆವು. ಬಂದವರೆಂದರೆ ರಕ್ತದೊತ್ತಡ ನೋಡುತ್ತಾರೆಂದು ತಿಳಿದ ಕೆಲವು ಗಂಡಸರು ಮತ್ತು ಅಂಚೆ ಕಚೇರಿಯಿಂದ ನಿವೃತ್ತರಾದ ಒಬ್ಬರು. ಅವರು ನನ್ನ ಜೊತೆ ವ್ಯಾಕರಣದ ವಿಷಯ ಚರ್ಚಿಸಿ ಹೋದರು. ಭಟ್ಟಿಯ ಹೆಂಗಸರು ಒಬ್ಬರೂ ಸುಳಿಯಲಿಲ್ಲ. ಮಧ್ಯಾಹ್ನ ಡಾಕ್ಟರು ಡಬ್ಬಿ ತೆಗೆಯದೆ ಸುಮ್ಮನೆ ಬಾಗಿಲು ನೋಡುತ್ತ ಕುಳಿತಿದ್ದರು. ನನಗೆ ಪಾಪ ಅನಿಸಿತು.

"ಅವರು ಬರದಿದ್ದರೆ ನಾವೇ ಹೋಗೋಣ" ಎಂದೆ.

ಭಟ್ಟಿ ಊರ ಹೊರಗಿತ್ತು. ಬಿಸಿಲಿಗೆ ಒಣಹಾಕಿದ ಹಸಿ ಇಟ್ಟಂಗಿಗಳ ಸಾಲುಗಳು, ಅವುಗಳ ಆಚೆ ಸುಡುವ ಗೂಡು. ತಲೆಯ ಮೇಲೆ ಸಿಂಬಿ ಇಟ್ಟು ಇಟ್ಟಂಗಿ ಹೊರುತ್ತಿದ್ದ ಹೆಂಗಸರು ನಮ್ಮನ್ನು ಕಂಡು ಮುಖ ತಿರುಗಿಸಲಿಲ್ಲ, ನಿಲ್ಲಲೂ ಇಲ್ಲ. ಅವರ ನಡುವೆ ಸುಮಾರು ಐವತ್ತರ ಒಬ್ಬ ಹೆಂಗಸಿದ್ದಳು. ಎಲ್ಲರೂ ಅವಳನ್ನು ಮಾವಶಿ ಎನ್ನುತ್ತಿದ್ದರು, ಅಂದರೆ ಚಿಕ್ಕಮ್ಮ. ಅವಳಿಗಿಂತ ಹತ್ತು ವರ್ಷ ದೊಡ್ಡವಳಾದ ನಾನೂ ಹಾಗೆಯೇ ಕರೆಯುವುದನ್ನು ರೂಢಿಸಿಕೊಂಡೆ. ಅವಳ ಮನೆಮಾತು ಮರಾಠಿ, ಕನ್ನಡವನ್ನು ಅದರಲ್ಲಿ ಕಲಸಿ ಆಡುತ್ತಿದ್ದಳು. ನಾವು ಯಾಕೆ ಬಂದಿದ್ದೇವೆಂದು ನಾನು ವಿವರಿಸಿದ್ದನ್ನೆಲ್ಲ ಪೂರ್ತಿ ಕೇಳಿಸಿಕೊಂಡು, ಸೆರಗಿನಿಂದ ಮುಖ ಒರೆಸಿ, ಒಂದೇ ಒಂದು ಪ್ರಶ್ನೆ ಕೇಳಿದಳು.

"ನಿಮಗ ನಮ್ಮ ಉಸುರು ಯಾಕ ಬೇಕ್ರಿ, ಬಾಯಿ?"

ಮರಾಠಿಯಲ್ಲಿ ಬಾಯಿ ಎಂದರೆ ಮೇಡಂ ಇದ್ದ ಹಾಗೆ. ಅವಳೇ ಮುಂದುವರಿಸಿದಳು.

"ನಮ್ಮ ಆಯೀದು ಹಿಂಗ ರಗತ ಒಯ್ದಿದ್ರು. ಮನೀ ಮುಂದನ ಖುರ್ಚಿ ಹಾಕ್ಕೊಂಡು ಕುಂತಿದ್ರು, ಭಾಳ ಚಲೋ ಮಾತಾಡಿದ್ರು. ಮತ್ತ ಬರ್ತೀವಿ ಅಂದ್ರು. ಯಾರೂ ಬರಲಿಲ್ಲ. ಮುಂದ ಸ್ವಲ್ಪ ದಿನಕ್ಕ ಆಯಿ ಹೋದ್ಲು. ಅವರಿಗೆ ಗೊತ್ತಿತ್ತೇನೋ, ಗೊತ್ತಿದ್ದೂ ಹೇಳಲಿಲ್ಲೇನೋ ಅಂತ ನನಗ ಇವತ್ತಿಗೂ ಅನಸ್ತೈತಿ."

ಅವಳ ದನಿಯಲ್ಲಿ ಜಗಳವಿರಲಿಲ್ಲ. ಇಷ್ಟು ಹೇಳಿ ಸಿಂಬಿ ತಲೆಯ ಮೇಲಿಟ್ಟುಕೊಂಡು ಕೆಲಸಕ್ಕೆ ಹೋದಳು. ಆಯಿ ಎಂದರೆ ಅವ್ವ ಎಂಬುದರಿಂದ ಹಿಡಿದು ನಾನು ಡಾಕ್ಟರಿಗೆ ಅವಳ ಮಾತನ್ನು ಬಿಡಿಸಿ ಹೇಳಿದೆ.

ಬೆಳಗಾವಿಗೆ ಮರಳುವ ಬಸ್ಸಿನಲ್ಲಿ ಡಾಕ್ಟರು ತಮ್ಮ ಕಾಗದಗಳನ್ನು ತಿರುವಿ ನೋಡುತ್ತಿದ್ದರು. ದೇಸೂರು ದಾಟಿದ ಮೇಲೆ ಹೇಳಿದರು, "ಮೇಡಂ, ರಿಪೋರ್ಟು ಬೇಕಾದವರು ಆಸ್ಪತ್ರೆಗೆ ಬಂದು ತಗೋಬಹುದು ಅಂತ ನಾವು ಬರೆದಿದ್ದೀವಿ. ಮನೆಗೆ ಹೋಗಿ ಹೇಳ್ತೀವಿ ಅಂತ ಬರೆದಿಲ್ಲ."

"ಆಸ್ಪತ್ರೆಗೆ ಬರೋರಾಗಿದ್ದರೆ ಇವತ್ತು ನಾವು ಭಟ್ಟಿಗೆ ಯಾಕೆ ಹೋಗಬೇಕಾಗಿತ್ತು?" ಎಂದೆ.

ಅವರು ನಕ್ಕರು. ಆದರೆ ಮಾತು ಅಲ್ಲಿಗೇ ಬಿಡಲಿಲ್ಲ. ಇಂಥ ಅಧ್ಯಯನಗಳಿಗೆ ಒಪ್ಪಿಗೆ ಕೊಡುವ ಸಮಿತಿಯೊಂದಿರುತ್ತದೆ. ಅದರ ಮುಂದೆ ಮತ್ತೆ ಹೋಗಿ, ಪರೀಕ್ಷೆಯನ್ನು ಮನೆಗಳ ಹತ್ತಿರವೇ ಮಾಡುತ್ತೇವೆ, ಫಲಿತಾಂಶವನ್ನು ಅವರವರಿಗೆ ಅವರವರ ಭಾಷೆಯಲ್ಲಿ ಹೋಗಿ ಹೇಳುತ್ತೇವೆ ಎಂದು ಬದಲಾವಣೆ ಕೇಳಿಕೊಂಡರು. ಅದಕ್ಕೆ ಕೆಲವು ವಾರ ಹಿಡಿಯಿತು. ಅಷ್ಟರಲ್ಲಿ ನಾನು ಒಪ್ಪಿಗೆ ಪತ್ರದ ಕನ್ನಡವನ್ನು ಓದಿ ನೋಡಿದೆ. ಅದನ್ನು ಬರೆದವರಿಗೆ ನನ್ನ ಏಳನೇ ತರಗತಿಯಲ್ಲಿ ಪಾಸು ಕೊಡುತ್ತಿರಲಿಲ್ಲ. ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ತಿದ್ದಿ ಬರೆದುಕೊಟ್ಟೆ. ಅದನ್ನೂ ಸಮಿತಿ ಒಪ್ಪಿತು.

ಎರಡನೆಯ ಸಲ ಹೋದಾಗ ಸೀದಾ ಮಾವಶಿಯ ಮನೆಗೇ ಹೋದೆವು, ಕೆಲಸ ಬಿಟ್ಟು ಬರುವ ಹೊತ್ತಿಗೆ. ಅಂಗಳದಲ್ಲಿ ಏಳೆಂಟು ಹೆಂಗಸರು ಕೈಕಾಲು ತೊಳೆದು ಬಂದು ಕುಳಿತಿದ್ದರು. ಮಾವಶಿಯ ಅತ್ತೆ ಹೊಸ್ತಿಲ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಡಾಕ್ಟರು ಸಮಿತಿಯ ವಿಷಯ ಹೇಳಿದರು, ನಾನು ಮರಾಠಿಯಲ್ಲಿ ಹೇಳಿದೆ. ಮಾವಶಿ ತಲೆಯಾಡಿಸಿದಳು. ಅವಳ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿತ್ತು.

"ತಿರುಗಿ ಬರ್ತೀರಿ, ಆತು. ಖರೇ, ಯಾಕ ಬೇಕು ಅಂತ ಹೇಳ್ರಿ."

ಆಗ ಡಾಕ್ಟರು ನನಗೂ ಗೊತ್ತಿಲ್ಲದ ಒಂದು ಸಂಗತಿ ಹೇಳಿದರು. ಈ ಯಂತ್ರ ಒಬ್ಬರ ಉಸಿರನ್ನು ಅಳೆದು ಇದು ಸರಿ, ಇದು ಕಡಿಮೆ ಎಂದು ತೋರಿಸುತ್ತದೆ. ಆದರೆ ಯಾರ ಉಸಿರಿನ ಜೊತೆ ಹೋಲಿಸಿ? ಬಹಳ ಕಾಲದವರೆಗೆ ಅದಕ್ಕೆ ಅಳತೆ ಕೊಟ್ಟವರು ಬೇರೆ ದೇಶಗಳ ಜನ. ನಮ್ಮ ದೇಶದಲ್ಲಿ ಅಳತೆ ತೆಗೆದಾಗಲೂ ಹೆಚ್ಚಾಗಿ ಪಟ್ಟಣದವರೇ ಸಿಕ್ಕರು. ಚಿಕ್ಕಂದಿನಿಂದ ಒಲೆಯ ಹೊಗೆ ಕುಡಿದು, ಆಮೇಲೆ ಭಟ್ಟಿಯ ಹೊಗೆ ಕುಡಿದ ಹೆಂಗಸರ ಉಸಿರು ಹೇಗಿರುತ್ತದೆ ಎಂದು ಅದಕ್ಕೆ ಸರಿಯಾಗಿ ತಿಳಿಯದು.

ಇದನ್ನು ಮರಾಠಿಯಲ್ಲಿ ಹೇಗೆ ಹೇಳುವುದೆಂದು ಯೋಚಿಸಿ, ಬೇರೆಯವಳ ಅಳತೆಯ ಮೇಲೆ ನಿನ್ನ ಕುಪ್ಪಸ ಹೊಲಿದ ಹಾಗೆ ಎಂದೆ. ಬಿಗಿಯಾಯಿತೆಂದರೆ ತಪ್ಪು ನಿನ್ನದೋ, ಅಳತೆಯದೋ ಯಾರಿಗೂ ಗೊತ್ತಾಗುವುದಿಲ್ಲ. ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು.

"ಹಂಗಾದ್ರ ಇದರಿಂದ ನಮ್ಮ ಕೆಮ್ಮ ಹೋಗತೈತಿ?" ಎಂದು ಒಬ್ಬಳು ಕೇಳಿದಳು.

ಡಾಕ್ಟರು ನನ್ನ ಮುಖ ನೋಡಿದರು. ಹೋಗುತ್ತದೆ ಎಂದರೆ ಅಂದೇ ಎಲ್ಲರೂ ಊದುತ್ತಿದ್ದರು. ಅವರು ಹಾಗೆನ್ನಲಿಲ್ಲ. "ಇಲ್ಲ. ಇದು ಔಷಧ ಅಲ್ಲ. ಏನಾದರೂ ತೊಂದರೆ ಕಂಡರೆ ನಿಮಗೆ ಹೇಳ್ತೀನಿ, ಎಲ್ಲಿಗೆ ಹೋಗಬೇಕು ಅಂತ ಹೇಳ್ತೀನಿ. ಅಷ್ಟೇ. ಮುಂದೆ ನಿಮ್ಮ ಮಕ್ಕಳಿಗೆ, ನಿಮ್ಮಂಥ ಬೇರೆಯವರಿಗೆ ಉಪಯೋಗ ಆಗಬಹುದು. ಬೇಡ ಅನಿಸಿದರೆ ಬೇಡ ಅನ್ನಿ. ನಡುವೆ ಬಿಟ್ಟರೂ ನಡೀತದೆ."

ನಾನು ಅಷ್ಟನ್ನೇ ಹೇಳಿದೆ, ಒಂದು ಮಾತೂ ಕೂಡಿಸಲಿಲ್ಲ. ಮಾವಶಿಯ ಅತ್ತೆಯ ಬುಟ್ಟಿಗೆ ಕಾಳು ಬೀಳುವ ಸದ್ದು ಕೇಳುತ್ತಿತ್ತು. ಆಮೇಲೆ ಮಾವಶಿ ನನ್ನ ಕಡೆ ತಿರುಗಿದಳು.

"ನೀವು ಊದೀರೇನ್ರಿ, ಬಾಯಿ?"

ನಾನು ಊದಿರಲಿಲ್ಲ. ಊದಬೇಕೆಂದು ಹೊಳೆದಿರಲೂ ಇಲ್ಲ. ಅಲ್ಲೇ ಒಂದು ಕುರ್ಚಿ ತರಿಸಿ ಕುಳಿತೆ. ಡಾಕ್ಟರು ಮೂಗಿಗೆ ಕ್ಲಿಪ್ಪು ಸಿಕ್ಕಿಸಿ, ಬಾಯಿಗೆ ಕೊಳವೆ ಕೊಟ್ಟರು. ಎದೆ ತುಂಬ ಉಸಿರೆಳೆದು, ಒಮ್ಮೆಲೇ ಜೋರಾಗಿ ಊದಿ, ಒಳಗೆ ಏನೂ ಉಳಿಯದ ತನಕ ಊದುತ್ತಲೇ ಇರಬೇಕು. "ಇನ್ನೂ, ಇನ್ನೂ ಮೇಡಂ, ಬಿಡಬೇಡಿ!" ಎಂದು ಡಾಕ್ಟರು ಕೂಗಿದರು. ಕೊನೆಯಲ್ಲಿ ಕೆಮ್ಮು ಒತ್ತಿಕೊಂಡು ಬಂತು. ಕೆಮ್ಮಿನ ಜೊತೆಗೆ, ಮೂರು ಮಕ್ಕಳನ್ನು ಹೆತ್ತ ಹೆಂಗಸಿಗೆ ಆಗುವ ಇನ್ನೊಂದೂ ಆಯಿತು. ಒಳಲಂಗ ಒದ್ದೆಯಾಯಿತು.

ನಾನು ಕುರ್ಚಿಯಿಂದ ಏಳಲಿಲ್ಲ. ಡಾಕ್ಟರು ಏನೂ ತಿಳಿಯದೆ, ಇನ್ನೊಂದು ಸಲ ಊದಿ ಎಂದು ಕೊಳವೆ ಹಿಡಿದು ನಿಂತಿದ್ದರು. ಮಾವಶಿ ಹತ್ತಿರ ಬಂದು ಮೆಲ್ಲಗೆ, "ಬಚ್ಚಲಾ ಹಿತ್ತಲದಾಗ ಐತಿ. ಬರ್ರಿ" ಎಂದು ಕೈ ಹಿಡಿದಳು. ಅದೇಕೋ ನನಗೆ ನಗು ಬಂದುಬಿಟ್ಟಿತು. ಅವಳಿಗೂ ಬಂತು. ಅಂಗಳದಲ್ಲಿ ಕುಳಿತವರಿಗೆ ಯಾರೂ ಏನೂ ಹೇಳುವ ಅಗತ್ಯವಿರಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅತ್ತೆ ಮಾತ್ರ ಕಾಳು ಸುಲಿಯುತ್ತ, "ನಂದೂ ಹಂಗ" ಎಂದಳು. ಆಗ ನಗು ಇನ್ನೂ ಜೋರಾಯಿತು.

ನಾನು ಸೀರೆ ಸರಿಮಾಡಿಕೊಂಡು ಮರಳಿ ಬಂದಾಗ, ಅವರಲ್ಲಿ ಚಿಕ್ಕ ವಯಸ್ಸಿನವಳೊಬ್ಬಳು ಹೇಳಿದಳು, "ನಮ್ಮ ಬಾಜೂ ಮನಿಯಾಕಿಗೆ ಬೆಳಗಾವಿ ದವಾಖಾನ್ಯಾಗ ಹಿಂಗ ಆಗಿತ್ತು. ಆವತ್ತು ನೀವು ಸಮುದಾಯ ಭವನದಾಗ ಕರದ್ರಿ. ಅಲ್ಲಿ ಎಲ್ಲಾ ಗಂಡಸರು. ಅವರ ಮುಂದ ಊದಿ ಹಿಂಗಾದ್ರ ಏನ್ ಮಾಡೂದು?"

ಡಾಕ್ಟರಿಗೆ ನಾನು ಬಿಡಿಸಿ ಹೇಳಿದೆ. ಅವರು "ಇದು ನನಗೆ ಹೊಳೆದೇ ಇರಲಿಲ್ಲ ಮೇಡಂ" ಎಂದರು. ಅಂದೇ ಎಲ್ಲ ಗೊತ್ತುಮಾಡಿದರು. ಪರೀಕ್ಷೆ ಮಾವಶಿಯ ಮನೆಯೊಳಗೆ, ಕೆಲಸ ಮುಗಿದ ಮೇಲೆ. ಗಂಡಸರು ಬರಬಾರದು, ಫೋಟೋ ತೆಗೆಯಬಾರದು. ಮೊದಲು ಬಚ್ಚಲಿಗೆ ಹೋಗಿಬಂದು ಆಮೇಲೆ ಕುಳಿತುಕೊಳ್ಳಬೇಕು.

ಆ ಬೇಸಿಗೆಯಲ್ಲಿ ಎಷ್ಟೋ ಸಂಜೆ ನಾವು ಖಾನಾಪುರಕ್ಕೆ ಹೋದೆವು. ಊದುವವರಿಗೆ ಹುರುಪು ಕೊಡುವುದು ನನ್ನ ಪಾಲಿನ ಕೆಲಸ. "ಫುಂಕ, ಫುಂಕ, ಅಜೂನ ಫುಂಕ!" ಅಂದರೆ ಊದು, ಇನ್ನೂ ಊದು ಎಂದು ತರಗತಿಯ ದನಿ ತೆಗೆದು ಕೂಗುತ್ತಿದ್ದೆ. ಮೊದಲು ಊದಿದವಳು ಮಾವಶಿ. ಹೊರಗಿದ್ದ ಅವಳ ಗಂಡ, ಒಳಗೇನು ಜಗಳವೇ ಎಂದು ಕೇಳಿದನಂತೆ. ಸೊಸೆಯಂದಿರು ತಮ್ಮ ಅತ್ತೆಯರ ಎದುರಿಗೆ ಕೆನ್ನೆ ಉಬ್ಬಿಸಲು ನಾಚುತ್ತಿದ್ದರು, ಆಗ ಅತ್ತೆಯರು ಎದ್ದು ಆಚೆ ಹೋಗುತ್ತಿದ್ದರು. ಒಬ್ಬಿಬ್ಬರು ಬೇಡವೆಂದರು. ಅವರನ್ನು ಯಾರೂ ಒತ್ತಾಯ ಮಾಡಲಿಲ್ಲ. ಅವರೂ ನಮ್ಮ ಜೊತೆ ಕುಳಿತು ಚಹಾ ಕುಡಿದು ಹೋಗುತ್ತಿದ್ದರು.

ಮಳೆ ಹಿಡಿದು ಭಟ್ಟಿ ನಿಲ್ಲುವ ಮುಂಚೆ ನಾವು ಫಲಿತಾಂಶ ತೆಗೆದುಕೊಂಡು ಮತ್ತೆ ಹೋದೆವು. ಒಬ್ಬೊಬ್ಬರನ್ನೇ ಒಳಕೋಣೆಗೆ ಕರೆದು ಹೇಳಿದೆವು. ಹೆಚ್ಚಿನವರದು ಸದ್ಯಕ್ಕೆ ಚೆನ್ನಾಗಿತ್ತು. ಮಾವಶಿಯದು ಹಾಗಿರಲಿಲ್ಲ. ಉಸಿರಿನ ನಾಳಗಳು ಕಿರಿದಾಗಿವೆ, ತಾಲೂಕು ಆಸ್ಪತ್ರೆಗೆ ಹೋಗಿ ತೋರಿಸಬೇಕು, ಬಾಯಿಂದ ಎಳೆದುಕೊಳ್ಳುವ ಔಷಧ ಬೇಕಾಗಬಹುದು, ಬೆಂಕಿಯ ಹತ್ತಿರದ ಕೆಲಸ ಬಿಟ್ಟರೆ ಒಳ್ಳೆಯದು ಎಂದು ಡಾಕ್ಟರು ಹೇಳಿದರು.

"ಒಮ್ಮೆ ಆ ಪಂಪ್ ಹಿಡದ್ರ ಸಾಯೂತನಕ ಬಿಡಂಗಿಲ್ಲ ಅಂತಾರಲ್ರಿ?"

"ಕನ್ನಡಕ ಹಾಕಿಕೊಂಡವರು ಬಿಡ್ತಾರಾ? ಬೇಕಾಗಿರೋದಕ್ಕೆ ಹಾಕ್ಕೋತಾರೆ" ಎಂದರು ಡಾಕ್ಟರು.

ಮಾವಶಿ ರಿಪೋರ್ಟಿನ ಕಾಗದ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಕೇಳಿದಳು, "ನಮ್ಮ ಆಯಿಗೂ ಇದ ಇತ್ತೇನ್ರಿ?"

"ಗೊತ್ತಿಲ್ಲ ಮಾವಶಿ. ಅವರನ್ನು ನೋಡದೆ ನಾನು ಹೇಳೋಕಾಗಲ್ಲ."

ಇದನ್ನು ನಾನು ಮರಾಠಿಯಲ್ಲಿ ಹೇಳುವ ಮೊದಲೇ ಮಾವಶಿಗೆ ತಿಳಿದಿತ್ತು. ತಲೆಯಾಡಿಸಿ, "ಬರೋಬರ" ಎಂದಳು. ಆ ವಾರವೇ ಆಸ್ಪತ್ರೆಗೆ ಹೋದಳು. ಮಾಲಕನ ಜೊತೆ ಮಾತಾಡಿ ಗೂಡಿನ ಬಾಯಿಯ ಕೆಲಸ ಬಿಟ್ಟು, ಹಸಿ ಇಟ್ಟಂಗಿ ಹರವುವ ಕೆಲಸಕ್ಕೆ ಬಂದಳು. ಅವನು ಗೊಣಗಿದನಂತೆ, ಆದರೆ ಅವಳನ್ನು ಕೆಲಸದಿಂದ ಬಿಡಿಸಿದರೆ ಉಳಿದವರೂ ಬರಲಾರರೆಂದು ಅವನಿಗೂ ಗೊತ್ತಿತ್ತು.

ಮಳೆಗಾಲ ಕಳೆದ ಮೇಲೆ ಶಹಾಪುರದ ಸರದಿ. ಇಲ್ಲಿ ನನಗೆ ಕಷ್ಟವೇ ಆಗುವುದಿಲ್ಲ ಎಂದುಕೊಂಡಿದ್ದೆ. ನಾನು ಹುಟ್ಟಿದ ಓಣಿ. ನನ್ನ ತಮ್ಮನ ಹೆಂಡತಿಯೇ ಇಡೀ ದಿನ ಕಂಡಿಕೆ ಸುತ್ತುವವಳು, ನೂಲಿನ ಧೂಳು ಅವಳ ಹುಬ್ಬಿನ ಮೇಲೆ ಕುಳಿತಿರುತ್ತದೆ. ಬೆಳಿಗ್ಗೆ ಅವಳು ಕೆಮ್ಮುವುದು ನನ್ನ ಮನೆಗೆ ಕೇಳುತ್ತದೆ. ಅವಳು ಒಪ್ಪಿದರೆ ಓಣಿಯ ಉಳಿದವರು ತಾವಾಗಿ ಬರುತ್ತಾರೆ.

"ನಕೋ ಆಪಾ" ಎಂದಳು. ಬೇಡ ಅಕ್ಕಾ. ಮರುದಿನ ಹೋದೆ, ಮತ್ತೊಂದು ವಾರ ಬಿಟ್ಟು ಹೋದೆ. ಕುಪ್ಪಸದ ಮಾತು ಹೇಳಿದೆ, ಖಾನಾಪುರದ ಕತೆಯೆಲ್ಲ ಹೇಳಿದೆ. ನಕ್ಕಳು, ಚಹಾ ಕೊಟ್ಟಳು, ಚರಕದ ಹಿಡಿ ತಿರುಗಿಸುತ್ತಲೇ ಇದ್ದಳು. ಕೊನೆಗೆ ನಾನು ಸ್ವಲ್ಪ ಬೇಸರದಿಂದಲೇ, ಯಾರ್ಯಾರೋ ನಂಬಿದರು, ನೀನು ನನ್ನನ್ನು ನಂಬುವುದಿಲ್ಲವೇ ಎಂದು ಕೇಳಿದೆ.

ಅವಳು ಚರಕ ನಿಲ್ಲಿಸಿದಳು. ನಮ್ಮ ದಖನಿಯಲ್ಲಿ ಅವಳು ಹೇಳಿದ್ದು ಕನ್ನಡದಲ್ಲಿ ಹೀಗಾಗುತ್ತದೆ: "ಖಾನಾಪುರದವರಿಗೆ ನೀವು ಯಾರೋ ಬಾಯಿ. ನನಗ ನೀವು ಆಪಾ. ಮಗಳಿಗೆ ವರ ನೋಡಾಕತ್ತೀವಿ. ಕೆಮ್ಮು ಅಂದ್ರ ಸಾಕು, ಜನ ಕ್ಷಯ ಅಂತಾರ. ನಂದೇನಾರ ಕೆಟ್ಟ ಬಂದ್ರ ಅದು ನಿಮಗ ಗೊತ್ತಾಗತೈತಿ. ನೀವು ಯಾರಿಗೂ ಹೇಳೂದಿಲ್ಲ, ನನಗ ಗೊತ್ತೈತಿ. ಆದ್ರ ದಿನಾ ಮುಂಜಾನೆ ಎದ್ದು ನಿಮ್ಮ ಮಾರಿ ನೋಡಬೇಕಲ್ಲ ನಾನು?"

ಅದು ನಂಬಿಕೆಯ ಪ್ರಶ್ನೆಯೇ ಆಗಿರಲಿಲ್ಲ.

ಒಮ್ಮೆ ಮಾವಶಿ ತನ್ನ ಔಷಧದ ವಿಷಯ ಕೇಳಲು ಫೋನ್ ಮಾಡಿದಾಗ, ಶಹಾಪುರದಲ್ಲಿ ಯಾರೂ ಬರುತ್ತಿಲ್ಲವೆಂದು ಬಾಯಿಬಿಟ್ಟೆ. ತಮ್ಮನ ಹೆಂಡತಿ ಅಂದದ್ದನ್ನೂ ಹೇಳಿಕೊಂಡೆ. "ಹೌದಲ್ರಿ, ಆಕೀದೂ ಖರೇನ ಐತಿ" ಎಂದಳು. ಮುಂದಿನ ವಾರ ಒಂದು ಮಧ್ಯಾಹ್ನ, ಕೈಚೀಲದ ತುಂಬ ರತಾಳಿ ಗೆಣಸು ಹೊತ್ತುಕೊಂಡು ನಮ್ಮ ಓಣಿಯಲ್ಲಿ ನಿಂತಿದ್ದಳು. ಬರುತ್ತೇನೆಂದು ಹೇಳಿರಲಿಲ್ಲ.

ಅವಳನ್ನು ತಮ್ಮನ ಮನೆಗೆ ಕರೆದುಕೊಂಡು ಹೋದೆ. ಬಾಗಿಲಲ್ಲೇ ನನ್ನ ಕಡೆ ತಿರುಗಿ, "ನೀವು ಹೊರಗ ಕುಂದರ್ರಿ, ಬಾಯಿ" ಎಂದಳು.

ಕಟ್ಟೆಯ ಮೇಲೆ ಕುಳಿತೆ. ಒಳಗೆ ಮಾವಶಿಯ ಮರಾಠಿ, ತಮ್ಮನ ಹೆಂಡತಿಯ ದಖನಿ, ನಡುನಡುವೆ ಇಬ್ಬರದೂ ಹಿಂದಿ. ಪಕ್ಕದ ಮನೆಯ ಇಬ್ಬರು ಹೆಂಗಸರೂ ಒಳಗೆ ಹೋದರು. ಮಗ್ಗದ ಸದ್ದಿನಲ್ಲಿ ಮಾತು ತಿಳಿಯುತ್ತಿರಲಿಲ್ಲ. ಒಂದು ಸಲ ಮಾತ್ರ ಎಲ್ಲರೂ ಒಟ್ಟಿಗೆ ನಕ್ಕರು. ನನ್ನ ಕುರ್ಚಿಯ ಕತೆ ಹೇಳಿರಬೇಕೆಂದು ಊಹಿಸಿದೆ. ಅದು ನಿಜವೆಂದು ಆಮೇಲೆ ಗೊತ್ತಾಯಿತು.

ಹೊರಗೆ ಬಂದು ಮಾವಶಿ ನನ್ನ ಪಕ್ಕದಲ್ಲಿ ಕುಳಿತಳು. "ಊದ್ತಾರ. ಖರೇ, ನೀವು ಒಳಗಿರಬಾರದು. ರಿಪೋರ್ಟ್ ಹೇಳಬೇಕಾದ್ರೂ ನೀವು ಇರಬಾರದು. ಉರ್ದು ಬರೂ ನರ್ಸ್ ಒಬ್ಬಾಕಿನ್ನ ತರಿಸ್ರಿ. ನಿಮಗ ಬ್ಯಾಸರ ಆತೇನು?"

"ಇಲ್ಲ" ಎಂದೆ. ಸ್ವಲ್ಪ ಆಗಿತ್ತು.

ಡಾಕ್ಟರು ಅದರಂತೆಯೇ ವ್ಯವಸ್ಥೆ ಮಾಡಿದರು. ಪರೀಕ್ಷೆಯ ದಿನಗಳಲ್ಲಿ ನಾನು ನನ್ನ ಮನೆಯಲ್ಲೇ ಇದ್ದು ಬಂದವರಿಗೆ ಚಹಾ ಮಾಡಿ ಕಳಿಸುತ್ತಿದ್ದೆ. ಹುರುಪು ಕೊಡಲು ಯಾರಾದರೂ ಬೇಕಲ್ಲ, ಭಟ್ಟಿ ಇನ್ನೂ ಸುರುವಾಗದ ದಿನಗಳಾದ್ದರಿಂದ ಮಾವಶಿಯೇ ಬರುತ್ತಿದ್ದಳು. ಅವಳ ಬಸ್ಸಿನ ಖರ್ಚನ್ನೂ ದಿನದ ಕೂಲಿಯನ್ನೂ ಅಧ್ಯಯನದಿಂದಲೇ ಕೊಡುವಂತೆ ಡಾಕ್ಟರು ನೋಡಿಕೊಂಡರು. ಎದುರು ಮನೆಯಿಂದ "ಫುಂಕೋ, ಫುಂಕೋ, ಔರ್ ಫುಂಕೋ!" ಎಂಬ ಅವಳ ಕೂಗು ಮಗ್ಗಗಳನ್ನು ಮೀರಿ ಕೇಳುತ್ತಿತ್ತು. ಓಣಿಯ ಕಂಡಿಕೆ ಸುತ್ತುವವರಲ್ಲಿ ಬಹಳಷ್ಟು ಮಂದಿ ಬಂದರು. ಬಾರದವರೂ ಇದ್ದರು.

ಫಲಿತಾಂಶ ಹೇಳಲು ಡಾಕ್ಟರು ಮತ್ತು ನರ್ಸ್ ಬಂದ ದಿನವೂ ನಾನು ಒಳಗೆ ಹೋಗಲಿಲ್ಲ. ತಮ್ಮನ ಹೆಂಡತಿಯ ಕೋಣೆಯ ಬಾಗಿಲು ಸ್ವಲ್ಪ ಹೊತ್ತು ಮುಚ್ಚಿತ್ತು. ಆಮೇಲೆ ಅವಳು ಹೊರಗೆ ಬಂದು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಓಣಿ ದಾಟಿ ನನ್ನ ಕಟ್ಟೆಗೆ ಬಂದು ಕುಳಿತಳು. ನಾನು ಏನೂ ಕೇಳಲಿಲ್ಲ. ಅವಳೂ ಹೇಳಲಿಲ್ಲ. ಮಗಳಿಗೆ ಹುಬ್ಬಳ್ಳಿ ಕಡೆಯಿಂದ ಬಂದ ಸಂಬಂಧದ ಬಗ್ಗೆ ಮಾತಾಡಿದೆವು. ಹುಡುಗನ ಮನೆಯವರು ಒಳ್ಳೆಯವರಂತೆ, ಆದರೆ ಬಹಳ ಮಾತಾಡುತ್ತಾರಂತೆ.

ಡಾಕ್ಟರು ಈಗ ಬೇರೆ ಊರಿನಲ್ಲಿದ್ದಾರೆ, ಆಗಾಗ ಫೋನ್ ಮಾಡುತ್ತಾರೆ. ನಮ್ಮ ಹೆಂಗಸರ ಅಳತೆಗಳೆಲ್ಲ ಸೇರಿ ಏನು ಹೇಳುತ್ತವೆ ಎಂದು ಇನ್ನೂ ಬರೆಯುತ್ತಿದ್ದಾರೆ, ಅದು ಮುಗಿದ ಮೇಲೆ ಎರಡೂ ಕಡೆ ಬಂದು ಓದಿ ಹೇಳುತ್ತೇನೆಂದು ಮಾತು ಕೊಟ್ಟಿದ್ದಾರೆ. ಮಾವಶಿ ಅದನ್ನು ಮರೆತಿಲ್ಲ. ಪ್ರತಿ ಸಲ ಫೋನ್ ಮಾಡಿದಾಗಲೂ ಮುಗಿಯಿತೇ ಎಂದು ಕೇಳುತ್ತಾಳೆ.

ತಮ್ಮನ ಮಗಳ ಮದುವೆಗೆ ಮಾವಶಿ ಸೊಸೆಯಂದಿರನ್ನು ಕರೆದುಕೊಂಡು ಬಂದಿದ್ದಳು. ಊಟದ ಹೊತ್ತಿನಲ್ಲಿ ತಮ್ಮನ ಹೆಂಡತಿ ಅವಳನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡು, ಇಬ್ಬರೂ ತಲೆ ತಗ್ಗಿಸಿ ಏನೋ ಬಹಳ ಹೊತ್ತು ಮಾತಾಡಿದರು. ನಾನು ಬಡಿಸುತ್ತ ಹತ್ತಿರ ಹೋದಾಗ ಮಾತು ನಿಲ್ಲಿಸಿ ನನ್ನ ಕಡೆ ನೋಡಿ ನಕ್ಕರು. ಇಬ್ಬರಿಗೂ ಇನ್ನಷ್ಟು ಅನ್ನ ಹಾಕಿ ನಾನು ಮುಂದಿನ ಸಾಲಿಗೆ ಹೋದೆ.